ಹೊರಡದ ಜೀಪು, ಬಾಗಿಲಿಗೆ ಬಂದ ಗಾಡಿ

ನಮ್ಮಣ್ಣನ ಹೊಟ್ಟೆ ಉರಿಯಲಿ ಎಂದೇ ನಾನು ಆ ಜೀಪು ಕೊಂಡದ್ದು. ತರಕಾರಿ ಸಂತೆಗೆ ಬೇಗ ಸಾಗುತ್ತದೆ, ಮಳೆಗಾಲದ ಕೆಸರಿಗೆ ಹೆದರಬೇಕಾಗಿಲ್ಲ, ಅವ್ವನಿಗೆ ಓಡಾಡಲು ಅನುಕೂಲ ಎಂದೆಲ್ಲ ಊರ ತುಂಬ ಹೇಳಿಕೊಂಡು ತಿರುಗಿದೆ. ಎಲ್ಲ ಬೂಟಾಟಿಕೆ. ನಮ್ಮಿಬ್ಬರಿಗೆ ಭಾಗವಾದಾಗ ಎತ್ತಿನ ಜೋಡಿ ಅವನ ಪಾಲಿಗೆ ಹೋಗಿತ್ತು. ಅವು ನಾನು ಕರುವಿನಿಂದ ಸಾಕಿದ ಎತ್ತುಗಳು. ಪಂಚಾಯ್ತಿಗೆ ಕೂತ ದೊಡ್ಡವರು ಹಿರಿಯವನಿಗೆ ಎತ್ತು, ಕಿರಿಯವನಿಗೆ ಹಾಲು ಕರೆಯುವ ಹಸು ಎಂದು ಹೇಳಿ, ಎಲೆಅಡಿಕೆ ಹಾಕಿಕೊಂಡು ಎದ್ದುಹೋದರು. ಅವತ್ತು ಬಿಟ್ಟ ಮಾತು ಎರಡು ವರ್ಷವಾದರೂ ಹತ್ತಲಿಲ್ಲ. ಮನೆಯ ನಡುವೆ ಮಣ್ಣಿನ ಗೋಡೆ ಎದ್ದಿತು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುವ ಗಾದೆಯನ್ನು ನಾವಿಬ್ಬರೂ ಸುಳ್ಳು ಮಾಡಲಿಲ್ಲ.

ಅವ್ವನನ್ನೂ ಹಾಗೆಯೇ ಹಂಚಿಕೊಂಡಿದ್ದೆವು. ಯುಗಾದಿಯಿಂದ ದೀಪಾವಳಿಯವರೆಗೆ ನನ್ನ ಮನೆ, ದೀಪಾವಳಿಯಿಂದ ಯುಗಾದಿಯವರೆಗೆ ಅವನ ಮನೆ. ಅವಳು ತನ್ನ ಸೀರೆಯ ಗಂಟು ಹಿಡಿದು ಒಂದು ಬಾಗಿಲಿನಿಂದ ಪಕ್ಕದ ಬಾಗಿಲಿಗೆ ಹೋಗುವುದನ್ನು ನೋಡಿದಾಗ ನನಗೆ ಯಾವತ್ತೂ ನಾಚಿಕೆ ಆಗಲಿಲ್ಲ ಎಂದು ಈಗ ನೆನೆದರೆ ಮೈ ಉರಿಯುತ್ತದೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬಿಟ್ಟ ಗಾಡಿಗಳನ್ನು ಬೆಂಗಳೂರಿನಲ್ಲಿ ಹರಾಜು ಹಾಕುತ್ತಿದ್ದರು. ಅಲ್ಲಿ ಸಿಕ್ಕಿದ್ದು ಈ ಜೀಪು. ಯಾವ ಕಾಡು, ಯಾವ ಗುಡ್ಡ ಸುತ್ತಿ ಬಂದಿತ್ತೋ, ಬಾನೆಟ್ಟಿನ ಮೇಲೆ ಬಿಳಿ ಬಣ್ಣದ ಅಂಕಿಗಳು ಅರ್ಧ ಅಳಿಸಿದ್ದವು, ಒಂದು ಪಕ್ಕ ಸೊಟ್ಟಗಾಗಿತ್ತು. ಪೆಟ್ರೋಲಿಗೆ ರೇಷನ್ ಚೀಟಿ ಇದ್ದ ಕಾಲ. ಚೀಟಿಗಾಗಿ ಕಚೇರಿಯ ಮೆಟ್ಟಿಲು ಹತ್ತಿ ಇಳಿದು ನನ್ನ ಚಪ್ಪಲಿ ಸವೆಯಿತು. ಆದರೂ ಕುಂದಾಣದ ಕಡೆಯಿಂದ ನಮ್ಮ ಹಳ್ಳಿಗೆ ಬರುವ ದಾರಿಯಲ್ಲಿ ಅಣ್ಣನ ಎತ್ತಿನ ಗಾಡಿ ಸಿಕ್ಕರೆ, ಅದರ ಪಕ್ಕದಲ್ಲೇ ನುಗ್ಗಿಸಿಕೊಂಡು ಅವನ ಮುಖದ ಮೇಲೆ ಧೂಳೆಬ್ಬಿಸಿ ಹೋಗುತ್ತಿದ್ದೆ. ಅಷ್ಟರ ಮಟ್ಟಿಗೆ ಆ ಜೀಪು ಒಳ್ಳೆಯ ಕೆಲಸ ಮಾಡಿತು.

ಆ ವರ್ಷ ಆಯುಧಪೂಜೆಯನ್ನು ಜೋರಾಗಿಯೇ ಮಾಡಿದೆವು. ಜೀಪು ತೊಳೆದು, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದೆವು. ಸಂಜೆ ನಾನು ಹಿತ್ತಲಿನಿಂದ ಬರುವಾಗ ಅಣ್ಣ ಜೀಪಿನ ಪಕ್ಕ ನಿಂತು ಬಾನೆಟ್ಟಿನ ಮೇಲೆ ಕೈ ಇಟ್ಟುಕೊಂಡಿದ್ದ. ನನ್ನನ್ನು ಕಂಡೊಡನೆ ಕೈ ತೆಗೆದು ಒಳಗೆ ಹೋದ. ನೋಡಲಿ, ಚೆನ್ನಾಗಿ ನೋಡಲಿ ಎಂದುಕೊಂಡೆ.

ಮಾರನೆಯ ದಿನ ವಿಜಯದಶಮಿ. ಬೆಳಕು ಹರಿಯುವ ಹೊತ್ತಿಗೆ ಆವತಿಯಿಂದ ಒಬ್ಬ ಆಳು ಸೈಕಲ್ಲಿನಲ್ಲಿ ಬಂದ. ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಇವತ್ತೋ ಈಗಲೋ ಎನ್ನುವಂತಿದ್ದಾಳೆ, ತಂಗಿ ಎಲ್ಲಿ ತಂಗಿ ಎಲ್ಲಿ ಎಂದು ಒಂದೇ ಸಮನೆ ಕೇಳುತ್ತಿದ್ದಾಳೆ ಎಂದ. ಅವ್ವ ಹಾಲು ಕುಡಿಯುವ ಕೂಸಾಗಿದ್ದಾಗಲೇ ಅವಳ ತಾಯಿ ಸತ್ತಿದ್ದಳು. ಸಾಕಿದವಳು ಅಕ್ಕ. ತನ್ನ ಮದುವೆಯಾದ ಮೇಲೂ ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಗಂಡನ ಮನೆಗೆ ಹೋದವಳು. ಅವ್ವನಿಗೆ ತಾಯಿ ಎಂದರೆ ಅವಳೇ. ಸುದ್ದಿ ಕೇಳಿ ಅವ್ವ ಅಳಲಿಲ್ಲ. ಕೈಯಲ್ಲಿದ್ದ ಪೊರಕೆ ಗೋಡೆಗೆ ಒರಗಿಸಿ, ಒಳಗೆ ಹೋಗಿ ಒಗೆದ ಸೀರೆ ಉಟ್ಟುಕೊಂಡು ಬಂದು ನಿಂತಳು.

"ಹೊರಡಪ್ಪಾ. ಅವ್ಳು ಉಸಿರು ಹಿಡ್ಕೊಂಡವ್ಳೆ ನನಗೋಸ್ಕರ" ಎಂದಳು.

ಜೀಪಿನಲ್ಲಿ ಆವತಿಗೆ ಮುಕ್ಕಾಲು ಗಂಟೆಯ ದಾರಿ. ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಚೋಕು ಎಳೆದು, ಕಾಲಿನಲ್ಲಿ ಸ್ಟಾರ್ಟರ್ ಒತ್ತಿದೆ. ಎಂಜಿನ್ನು ಗರ ಗರ ತಿರುಗಿತು. ಹತ್ತಿಕೊಳ್ಳಲಿಲ್ಲ. ಮತ್ತೆ ಒತ್ತಿದೆ. ಮತ್ತೆ ಅದೇ. ಹಿಂದಿನ ದಿನ ತೊಳೆದದ್ದಕ್ಕೆ ಎಲ್ಲೋ ನೀರು ನಿಂತಿರಬೇಕೆಂದು ಬಾನೆಟ್ಟು ಎತ್ತಿ, ಪ್ಲಗ್ಗುಗಳನ್ನು, ತಂತಿಗಳನ್ನು ಬಟ್ಟೆಯಲ್ಲಿ ಒರೆಸಿದೆ. ಹತ್ತಿಕೊಳ್ಳಲಿಲ್ಲ. ಅವ್ವನನ್ನು ಇಳಿಸಿ, ಡ್ರೈವರ್ ಸೀಟು ಎತ್ತಿ, ಅದರ ಕೆಳಗಿನ ಟ್ಯಾಂಕಿಗೆ ಕಡ್ಡಿ ಬಿಟ್ಟು ನೋಡಿದೆ. ಪೆಟ್ರೋಲು ಇತ್ತು. ಆಗ ನನ್ನ ತಲೆಗೆ ಹುಳ ಹೊಕ್ಕಿತು. ಸಂಜೆ ಅಣ್ಣ ಇಲ್ಲಿ ನಿಂತಿದ್ದನಲ್ಲ, ಟ್ಯಾಂಕಿಗೆ ನೀರು ಸುರಿದಿರಬೇಕು.

ಚೀಟಿಗೆ ಸಿಕ್ಕ ಪೆಟ್ರೋಲನ್ನು ಚೆಂಬಿಗೆ ಇಳಿಸಿ ಬಿಸಿಲಿಗೆ ಹಿಡಿದು ನೋಡಿದೆ. ನೀರು ಬೇರೆಯಾಗಿ ತಳದಲ್ಲಿ ನಿಲ್ಲಬೇಕಿತ್ತು. ನಿಂತಿರಲಿಲ್ಲ. ಹಾಗಾದರೆ ಸಕ್ಕರೆ ಹಾಕಿರಬೇಕು ಎಂದು ನಾಲಿಗೆಗೆ ಹಚ್ಚಿಕೊಂಡೆ. ಸಕ್ಕರೆ ಪೆಟ್ರೋಲಿನಲ್ಲಿ ಕರಗುವುದಿಲ್ಲ ಎನ್ನುವಷ್ಟೂ ತಿಳಿವಳಿಕೆ ಇಲ್ಲದ ಮೂಢ ನಾನು. ಬಾಯಿ ಸುಟ್ಟುಕೊಂಡು ಉಗಿದೆ. ಕಾರ್ಬುರೇಟರಿಗೆ ಬರುವ ಕೊಳವೆ ಬಿಚ್ಚಿ ಊದಿದೆ. ಅದು ಸರಾಗವಾಗಿತ್ತು. ಮತ್ತೆ ಕೂಡಿಸಿ, ಸ್ಟಾರ್ಟರ್ ಒತ್ತಿ ಒತ್ತಿ ಬ್ಯಾಟರಿಯ ಪ್ರಾಣ ತೆಗೆದೆ. ಕೊನೆಗೆ ಎಂಜಿನ್ನು ತಿರುಗುವುದೂ ನಿಂತು ಟಕ್ ಎಂದು ಸುಮ್ಮನಾಯಿತು. ಹ್ಯಾಂಡಲ್ ಹಾಕಿ ಮುಂದಿನಿಂದ ತಿರುವಿದೆ. ಅದು ಜಾರಿ ಹಿಂದಕ್ಕೆ ಬಡಿದು ನನ್ನ ಮಣಿಕಟ್ಟು ಊದಿಕೊಂಡಿತು. ನಾನು ಆ ಜೀಪಿನ ತಾಯಿ, ಅಜ್ಜಿ, ಅದನ್ನು ಮಾಡಿದ ದೇಶ, ಯಾರನ್ನೂ ಬಿಡದೆ ಬೈದೆ. ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತು ನೋಡಿದರು. ಅವರಿಗೂ ಬೈದೆ.

ಅವ್ವ ಜಗಲಿಯ ಮೇಲೆ ಕೂತು ನೋಡುತ್ತಲೇ ಇದ್ದಳು.

ಬಿಸಿಲು ಜಗಲಿಗೆ ಬರುವ ಹೊತ್ತಿಗೆ ಗೆಜ್ಜೆಯ ಸದ್ದು ಕೇಳಿತು. ಅಣ್ಣ ಗಾಡಿ ಹೂಡಿಕೊಂಡು ಬಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿದ. ಒಳಗೆ ಹುಲ್ಲು ಹಾಸಿ, ಅದರ ಮೇಲೆ ಜಮಖಾನ ಹಾಕಿದ್ದ. ನನ್ನ ಕಡೆ ನೋಡಲಿಲ್ಲ.

"ಅವ್ವಾ, ಹತ್ತು. ಎತ್ತು ಈಗ್ತಾನೆ ಮೇಯ್ದು ನೀರು ಕುಡ್ದವೆ, ಓಡ್ತವೆ. ಹತ್ತು ಗಂಟೆಗೆಲ್ಲಾ ಆವತೀಲಿರ್ತೀವಿ" ಎಂದ.

ಅವ್ವ ಎದ್ದಳು. ಗಾಡಿಯ ಹತ್ತಿರ ಹೋಗಿ ಅದರ ಗೂಟ ಹಿಡಿದಳು. ಸರಿಯಾಗಿಯೇ ಇತ್ತು ಎಲ್ಲ. ಅವಳು ಹತ್ತಿ ಹೋಗಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಆದರೆ ಎಣ್ಣೆ, ಮಸಿ, ಊದಿದ ಕೈ, ನೋಡುತ್ತ ನಿಂತ ಊರು, ನನ್ನ ಎತ್ತುಗಳ ಕೊರಳಲ್ಲಿ ಅವನು ಕಟ್ಟಿದ ಗೆಜ್ಜೆ, ಇಷ್ಟೂ ಸೇರಿ ನನ್ನ ತಲೆ ಕೆಟ್ಟಿತು.

"ನನ್ ಜೀಪು ಕೆಡಿಸ್ಬಿಟ್ಟು ಈಗ ಗಾಡಿ ತಂದು ನಿಲ್ಲಿಸ್ತೀಯೇನೋ?" ಎಂದೆ. ಎರಡು ವರ್ಷದ ಮೇಲೆ ಅವನ ಜೊತೆ ನಾನಾಡಿದ ಮೊದಲ ಮಾತು ಅದು.

"ನಾನು ಯಾಕ್ಲಾ ಕೆಡಿಸ್ಲಿ?"

"ನಿನ್ನೆ ಸಂಜೆ ಅದರ ಹತ್ರ ಏನ್ ಮಾಡ್ತಿದ್ದೆ?"

"ನೋಡ್ತಿದ್ದೆ."

"ಮುಟ್ಲಿಲ್ವಾ? ಅವ್ವನ ಮುಂದೆ ಆಣೆ ಮಾಡು."

ಅಣ್ಣನ ಮುಖ ಕಪ್ಪಿಟ್ಟಿತು. "ಅಲ್ಲಿ ದೊಡ್ಡವ್ವ ಸಾಯ್ತಾ ಅವ್ಳೆ. ಇಲ್ಲಿ ನಿನ್ ಡಬ್ಬದ ಮೇಲೆ ನಾನು ಆಣೆ ಮಾಡ್ಬೇಕಾ? ಥೂ!" ಎಂದ.

ಆಣೆ ಮಾಡಲಿಲ್ಲವೆಂದರೆ ಅವನೇ ಮಾಡಿದ್ದು ಎಂದು ಕೂಗಿದೆ. ಆಮೇಲೆ ಅವ್ವನ ಕಡೆ ತಿರುಗಿ, ಯಾವ ಬಾಯಲ್ಲಿ ಅವಳ ಹಾಲು ಕುಡಿದಿದ್ದೆನೋ ಅದೇ ಬಾಯಲ್ಲಿ ಹೇಳಿದೆ: "ಆ ಗಾಡಿ ಹತ್ತಿದ್ರೆ ಮತ್ತೆ ನನ್ನ ಹೊಸ್ಲು ತುಳೀಬೇಡ."

ಅವ್ವ ನನ್ನ ಮುಖ ನೋಡಿದಳು. ಆ ನೋಟವನ್ನು ನಾನು ವಿವರಿಸಲಾರೆ, ವಿವರಿಸುವುದೂ ಇಲ್ಲ. ಗೂಟದ ಮೇಲಿನ ಕೈ ತೆಗೆದು, ಬಂದು ಜಗಲಿಯ ಮೇಲೆ ಕೂತಳು.

"ಹೋಗು. ದೇವನಹಳ್ಳಿ ಸಾಬರನ್ನ ಕರ್ಕೊಂಡ್ ಬಾ. ಬೇಗ ಹೋಗು" ಎಂದಳು.

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಆಮೇಲೆ ಬರುವುದಿಲ್ಲ ಎನ್ನುತ್ತಾರೆ. ನಾನು ಕೊಯ್ದದ್ದು ನನ್ನ ಮೂಗೂ ಅಲ್ಲ.

ಸಾಬರು ಯುದ್ಧದಲ್ಲಿ ಮಿಲಿಟರಿ ಗಾಡಿಗಳ ರಿಪೇರಿ ಮಾಡಿ ಬಂದವರು. ದೇವನಹಳ್ಳಿ ಕೋಟೆಯ ಹೊರಗೆ ಒಂದು ತಗಡಿನ ಚಪ್ಪರ ಹಾಕಿಕೊಂಡಿದ್ದರು. ಆ ಸೀಮೆಯಲ್ಲಿ ಜೀಪಿನ ಮರ್ಮ ತಿಳಿದವರು ಅವರೊಬ್ಬರೇ. ಹಿಂದಿನ ತಿಂಗಳು ಜೀಪಿನ ಒಂದು ಸಾಮಾನು ಕದ್ದು ಹಳೆಯದು ಹಾಕಿದರೆಂದು ನಾನು ಅವರ ಚಪ್ಪರದಲ್ಲಿ ನಿಂತು, ಗಿರಾಕಿಗಳ ಎದುರಿಗೆ ಅವರನ್ನು ಕಳ್ಳ ಎಂದಿದ್ದೆ. ಆ ಸಾಮಾನು ಜೀಪಿನಲ್ಲೇ ಇತ್ತು, ನನಗೆ ಗುರುತು ಸಿಕ್ಕಿರಲಿಲ್ಲ ಅಷ್ಟೆ. ಈಗ ನಾನು ಸೈಕಲ್ಲಿನಲ್ಲಿ ಬೆವರು ಸುರಿಸಿಕೊಂಡು ಹೋಗಿ ನಿಂತರೆ ಅವರು ತಲೆ ಎತ್ತಲಿಲ್ಲ. ಒಂದು ಚಕ್ರದ ಬೋಲ್ಟು ಬಿಗಿಯುತ್ತಲೇ ಇದ್ದರು.

"ಜೀಪು ಹೊರಡ್ತಿಲ್ಲ, ಬನ್ನಿ" ಎಂದೆ.

"ಕಳ್ಳನ ಹತ್ರ ಯಾಕೆ ಬಂದ್ರಿ ಗೌಡ್ರೇ? ಒಳ್ಳೆ ಮನುಷ್ಯನ್ನ ನೋಡ್ಕೊಳ್ಳಿ."

ನಾನು ಹಲ್ಲು ಕಡಿದುಕೊಂಡು ನಿಂತೆ. ತಪ್ಪಾಯಿತು ಎನ್ನುವ ಮಾತು ನನ್ನ ಗಂಟಲಿಗೆ ಸುಲಭವಾಗಿ ಬರುವುದಿಲ್ಲ. ಅವರು ಇನ್ನೊಂದು ಬೋಲ್ಟು ಬಿಗಿದರು. ಆಮೇಲೆ ಇನ್ನೊಂದು. ಅಷ್ಟು ಹೊತ್ತಾದ ಮೇಲೆ, ನಮ್ಮವ್ವನ ಅಕ್ಕ ಸಾಯ್ತಿದ್ದಾರೆ, ಅವ್ವನನ್ನ ಆವತಿಗೆ ಕರ್ಕೊಂಡು ಹೋಗ್ಬೇಕು ಎಂದೆ.

ಸಾಬರು ಸ್ಪ್ಯಾನರು ನೆಲಕ್ಕೆಸೆದು ಎದ್ದರು. "ಯಾ ಅಲ್ಲಾ! ಇದನ್ನ ಮೊದ್ಲು ಹೇಳ್ಬಾರ್ದಾ? ಮಾನ ಮುಖ್ಯಾನಾ ನಿಮಗೆ, ತಾಯಿ ಮುಖ್ಯಾನಾ?" ಎನ್ನುತ್ತಲೇ ಚೀಲ ತೆಗೆದುಕೊಂಡು ತಮ್ಮ ಸೈಕಲ್ಲು ಹತ್ತಿದರು. ದಾರಿಯುದ್ದಕ್ಕೂ ನನಗಿಂತ ಮುಂದೆಯೇ ತುಳಿದರು.

ನಾವು ಬಂದಾಗ ಅಣ್ಣನ ಗಾಡಿ ಅವನ ಬಾಗಿಲಲ್ಲಿ ಹೂಡಿದಂತೆಯೇ ನಿಂತಿತ್ತು. ಅವ್ವ ಕೂತಲ್ಲೇ ಕೂತಿದ್ದಳು. ಸಾಬರು ಅವಳಿಗೆ ಕೈ ಮುಗಿದು ನೇರ ಜೀಪಿನ ಹತ್ತಿರ ಹೋದರು.

"ಏನೇನು ಮಾಡಿದ್ರಿ?"

ನಾನು ಮಾಡಿದ್ದನ್ನೆಲ್ಲ ಹೇಳಿದೆ. ಪೆಟ್ರೋಲು ನೆಕ್ಕಿದ್ದನ್ನು ಮಾತ್ರ ಹೇಳಲಿಲ್ಲ.

"ಬರೀ ಪೆಟ್ರೋಲ್ ಹಿಂದೆ ಬಿದ್ದಿದ್ದೀರಿ. ಒಲೆ ಹತ್ತಿಲ್ಲ ಅಂದ್ರೆ ಸೌದೆ ಒಂದೇ ನೋಡಿದ್ರೆ ಆಯ್ತಾ? ಬೆಂಕಿ ಇದೆಯಾ ಅಂತ ನೋಡ್ಬೇಡ್ವಾ?"

ಒಂದು ಪ್ಲಗ್ಗು ಬಿಚ್ಚಿ, ತಂತಿ ಸಿಕ್ಕಿಸಿ, ಎಂಜಿನ್ನಿನ ಮೈಗೆ ತಗುಲಿಸಿ ಹಿಡಿದು, ಹ್ಯಾಂಡಲ್ ತಿರುವಲು ನನಗೆ ಹೇಳಿದರು. ಊದಿದ ಕೈಯಲ್ಲೇ ತಿರುವಿದೆ. ಪ್ಲಗ್ಗಿನ ತುದಿಯಲ್ಲಿ ಕಿಡಿ ಬರಲಿಲ್ಲ. ಮತ್ತೊಮ್ಮೆ ಎಂದರು. ಬರಲಿಲ್ಲ. "ಹಾಂ" ಎಂದು, ಎಂಜಿನ್ನಿನ ಪಕ್ಕದಲ್ಲಿರುವ ಡಿಸ್ಟ್ರಿಬ್ಯೂಟರಿಗೆ ಕೈ ಹಾಕಿದರು. ಎಲ್ಲ ಪ್ಲಗ್ಗುಗಳಿಗೂ ಕಿಡಿ ಹಂಚುವ ಕಪ್ಪು ಮುಚ್ಚಳದ ಡಬ್ಬಿ ಅದು. ಎರಡು ಕಡೆಯ ಕ್ಲಿಪ್ಪು ಬಿಡಿಸಿ ಮುಚ್ಚಳ ತೆಗೆದವರು ಹಾಗೆಯೇ ನಿಂತರು.

"ಇಲ್ಲಿ ಬನ್ನಿ" ಎಂದು ಮೆಲ್ಲಗೆ ಕರೆದರು.

ಬಗ್ಗಿ ನೋಡಿದೆ. ಕಿಡಿ ಹುಟ್ಟುವ ಜಾಗದಲ್ಲಿ ಉಗುರಿನಷ್ಟು ದೊಡ್ಡ ಎರಡು ಲೋಹದ ತುಂಡುಗಳು ಒಂದನ್ನೊಂದು ಮುಟ್ಟಿ ಬಿಡುತ್ತಿರಬೇಕು. ಪಾಯಿಂಟು ಎನ್ನುತ್ತಾರೆ ಅದಕ್ಕೆ. ಅವೆರಡರ ನಡುವೆ ಅರಿಸಿನ ಕುಂಕುಮ ಒಣಗಿ ಗಟ್ಟಿಯಾಗಿ ಕೂತಿತ್ತು. ಮೇಲೊಂದು ಅಕ್ಕಿಕಾಳೂ ಅಂಟಿಕೊಂಡಿತ್ತು.

ನಮ್ಮ ಮನೆಯಲ್ಲಿ ಆಯುಧಪೂಜೆ ಎಂದರೆ ಆಯುಧದ ಮೈಗೆ ಕುಂಕುಮ ಇಟ್ಟು ಕೈ ತೊಳೆಯುವುದಲ್ಲ. ಅದು ಕೆಲಸ ಮಾಡುವ ಜಾಗಕ್ಕೇ ಇಡಬೇಕು. ಕುಡುಗೋಲಿಗೆ ಅಲಗಿನ ಮೇಲೆ, ನೇಗಿಲಿಗೆ ಗುಳದ ತುದಿಗೆ, ಬೀಸುವ ಕಲ್ಲಿಗೆ ಕಾಳು ಸುರಿಯುವ ಬಾಯಿಗೆ. ಪೂಜೆ ಒಳಗೆ ಮುಟ್ಟದಿದ್ದರೆ ಆಯುಧ ಮುನಿಸಿಕೊಳ್ಳುತ್ತದೆ ಎಂದು ಅವ್ವನ ನಂಬಿಕೆ. ಜೀಪು ತಂದ ಹೊಸದರಲ್ಲಿ, ಇದರ ಜೀವ ಎಲ್ಲಿದೆಯೋ ಎಂದು ಅವಳು ಕೇಳಿದ್ದಳು. ಸಾಬರ ಹತ್ತಿರ ಕಲಿತ ಎರಡಕ್ಷರದ ಜಂಬದಲ್ಲಿ ನಾನೇ ಈ ಮುಚ್ಚಳ ತೆಗೆದು, ಇಲ್ಲಿದೆ ನೋಡವ್ವಾ, ಇಲ್ಲಿ ಕಿಡಿ ಹುಟ್ಟುತ್ತೆ ಎಂದು ತೋರಿಸಿದ್ದೆ. ಅವಳು ಮರೆತಿರಲಿಲ್ಲ. ನಾನು ಕುಂಬಳಕಾಯಿ ತರಲು ಹೋಗಿದ್ದಾಗ ತೆಗೆದು, ನೆನೆದ ಬೆರಳಲ್ಲಿ ಶ್ರದ್ಧೆಯಿಂದ ಇಟ್ಟು, ಮತ್ತೆ ಸರಿಯಾಗಿ ಮುಚ್ಚಿದ್ದಳು.

ಸಾಬರು ನನ್ನನ್ನು ನೋಡಿದರು, ಜಗಲಿಯ ಕಡೆ ನೋಡಿದರು. ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನಮ್ಮವ್ವನಿಗೆ ಹೇಳ್ಬೇಡಿ ಸಾಬರೇ" ಎಂದೆ.

"ಛೆ ಛೆ, ಹೇಳ್ತೀನಾ? ಆ ತಾಯಿಗೆ ಹೇಳಲ್ಲ, ಮಾತು ಕೊಟ್ಟೆ" ಎಂದರು. ಅವರ ದನಿಯಲ್ಲಿ ನನ್ನ ಮೇಲೆ ಮೊದಲ ಬಾರಿಗೆ ಒಂದಿಷ್ಟು ಮರ್ಯಾದೆ ಇತ್ತು. ಚಾಕುವಿನ ತುದಿಯಲ್ಲಿ ಕುಂಕುಮ ಕೆರೆದು, ಬೆಂಕಿಪೊಟ್ಟಣದ ಗೀರುವ ಪಕ್ಕದಿಂದ ಪಾಯಿಂಟು ತಿಕ್ಕಿ, ಪೆಟ್ರೋಲು ಹಚ್ಚಿದ ಬಟ್ಟೆಯಲ್ಲಿ ಒರೆಸಿದರು. ತಾವೇ ಹ್ಯಾಂಡಲ್ ಹಾಕಿ ತಿರುವಿದರು. ಎರಡನೇ ಸುತ್ತಿಗೆ ಜೀಪು ಗುಡುಗಿತು.

ಅವ್ವ ಓಡಿಬಂದಳು. "ಏನಾಗಿತ್ತಪ್ಪಾ ಇದಕ್ಕೆ?" ಎಂದಳು.

ಏನೋ ಕಸ ಕೂತಿತ್ತು ಎಂದಿದ್ದರೆ ಸಾಕಾಗಿತ್ತು. ನೀರು ಹೊಕ್ಕಿತ್ತು ಎಂದಿದ್ದರೂ ಆಗುತ್ತಿತ್ತು. ಆಚೆ ಬಾಗಿಲಲ್ಲಿ ಅಣ್ಣ ಗಾಡಿಯ ಪಕ್ಕದಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದ. ಬೆಳಗಿನಿಂದ ಊರ ಮುಂದೆ ನಾನು ಕೂಗಿದ್ದು ಸುಳ್ಳಾಗಿಹೋಗುತ್ತದಲ್ಲ ಎಂದು ನನಗೆ ಅನ್ನಿಸಿತು.

"ನಾನು ಹೇಳ್ಲಿಲ್ವಾ ಅವ್ವಾ? ಅವ್ನೇ. ಒಳಗಿನ ತಂತಿ ಕಿತ್ತಿದ್ದ" ಎಂದೆ.

ಸಾಬರು ಚೀಲ ಕಟ್ಟುತ್ತಿದ್ದ ಕೈ ನಿಲ್ಲಿಸಿ ನನ್ನನ್ನು ನೋಡಿದರು. ದೇವನಹಳ್ಳಿಯವರೆಗೆ ಬಿಡ್ತೀನಿ, ಸೈಕಲ್ಲು ಹಿಂದೆ ಹಾಕಿ ಎಂದು ನಾನು ಅಂದರೆ, "ಬೇಡ. ನಿಮ್ಮ ಗಾಡೀಲಿ ಕೂರೋದು ಬೇಡ ನನಗೆ" ಎಂದು ಸೈಕಲ್ಲು ತಳ್ಳಿಕೊಂಡು ಹೊರಟರು.

ಅಣ್ಣನ ಬಾಗಿಲು ದಾಟುವಾಗ ಅವ್ವ ಜೀಪು ನಿಲ್ಲಿಸೆಂದಳು. "ನನ್ನಕ್ಕನ ಮುಖ ನೋಡೋಕೆ ಅಡ್ಡ ಬಂದ್ಯಲ್ಲೋ. ನಿನ್ ಮನೆ ನೀರು ಮುಟ್ಟಲ್ಲ ನಾನು, ಸತ್ರೂ ಮುಟ್ಟಲ್ಲ" ಎಂದಳು. ಅಣ್ಣ ಬಾಯಿ ತೆರೆದ. ಅವನು ಮಾತಾಡುವ ಮೊದಲೇ ನಾನು ಜೀಪು ಬಿಟ್ಟೆ.

ನಾವು ಆವತಿ ಸೇರಿದಾಗ ಮಧ್ಯಾಹ್ನವಾಗುತ್ತ ಬಂದಿತ್ತು. ದೊಡ್ಡವ್ವನನ್ನು ಆಗಲೇ ಜಗಲಿಗೆ ತಂದು ಮಲಗಿಸಿದ್ದರು. ಹನ್ನೊಂದರವರೆಗೂ ಇದ್ದಳಂತೆ. ಬಾಗಿಲಲ್ಲಿ ಯಾರ ಹೆಜ್ಜೆ ಕೇಳಿದರೂ ನನ್ನ ಕೂಸು ಬಂತಾ ಎನ್ನುತ್ತಿದ್ದಳಂತೆ. ಅರವತ್ತು ದಾಟಿದ ನಮ್ಮವ್ವ, ಆ ಕೂಸು, ಅಕ್ಕನ ತಣ್ಣಗಾದ ಕೈ ತೆಗೆದುಕೊಂಡು ತನ್ನ ತಲೆಯ ಮೇಲೆ ತಾನೇ ಇಟ್ಟುಕೊಂಡಳು. ಎತ್ತಿನ ಗಾಡಿ ಹತ್ತಿದ್ದರೆ ಅಕ್ಕ ಕಣ್ಣು ಮುಚ್ಚುವ ಒಂದು ಗಂಟೆ ಮುಂಚೆಯೇ ಅಲ್ಲಿರುತ್ತಿದ್ದಳು. ಈ ಲೆಕ್ಕ ಅವತ್ತೇ ನನ್ನ ತಲೆಯಲ್ಲಿ ಆಗಿಹೋಗಿತ್ತು. ಜೀಪು ಕೆಟ್ಟದ್ದು ಅವ್ವನ ಕೈಯಿಂದ, ಅವ್ವ ತಡವಾದದ್ದು ನನ್ನ ಬಾಯಿಂದ.

ದೀಪಾವಳಿ ಬಂತು. ಅಣ್ಣ ಅವ್ವನನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತ. ಅವ್ವ ಒಳಗಿನಿಂದ ಬರಲಿಲ್ಲ. ಯುಗಾದಿಗೆ ಒಬ್ಬಟ್ಟು ಕಳಿಸಿದ. ಅದನ್ನು ಹಸುವಿಗೆ ಹಾಕಿಸಿದಳು. ಊರವರು ಅವನನ್ನು ಕಂಡರೆ ಗುಸುಗುಸು ಎನ್ನತೊಡಗಿದರು. ತಾಯಿಯನ್ನು ಅವಳ ಅಕ್ಕನ ಮುಖ ನೋಡಲು ಬಿಡದವನು ಎಂದು ಅವನಿಗೆ ಹೆಸರು ಬಿತ್ತು. ನಾನು ನಿಜ ಹೇಳಿದರೆ ಅವ್ವನ ಎದೆ ಒಡೆಯುತ್ತದೆ, ಅವಳಿಗೋಸ್ಕರ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಬೂಟಾಟಿಕೆಯೇ. ಕುಂಕುಮದ ಸುದ್ದಿ ಎತ್ತದೆಯೂ ಅಣ್ಣನ ತಪ್ಪಿಲ್ಲ ಎನ್ನಬಹುದಿತ್ತು. ಅವ್ವ ಹನ್ನೆರಡು ತಿಂಗಳೂ ನನ್ನ ಮನೆಯಲ್ಲೇ ಇದ್ದಳು. ಗೆದ್ದೆ ಎಂದು ನನಗೆ ಒಳಗೊಳಗೇ ಖುಷಿಯಿತ್ತು. ಮುಂದಿನ ಆಯುಧಪೂಜೆ ಹತ್ತಿರ ಬಂದಾಗ ಮಾತ್ರ, ಅವ್ವ ಮತ್ತೆ ಆ ಮುಚ್ಚಳಕ್ಕೆ ಕೈ ಹಾಕಿದರೆ ಏನು ಹೇಳುವುದೆಂದು ಹೆದರಿ ಜೀಪು ಮಾರಿಬಿಟ್ಟೆ.

ಎರಡು ವರ್ಷಕ್ಕೆ ಅವ್ವ ಸತ್ತಳು. ಹೇಳಿದಂತೆಯೇ ಅವನ ಮನೆಯ ನೀರು ಮುಟ್ಟಲಿಲ್ಲ. ಕೊನೆಯ ದಿನ ಅಣ್ಣ ಹೊಸ್ತಿಲಾಚೆ ನಿಂತಿದ್ದ. ಬರಲಿ ಎಂದೂ ಅವಳು ಹೇಳಲಿಲ್ಲ, ಒಳಗೆ ಬಾ ಎಂದು ನಾನೂ ಕರೆಯಲಿಲ್ಲ.

ಹನ್ನೊಂದನೆಯ ದಿನ ಕೆರೆಯ ಹತ್ತಿರ ಕರ್ಮ ಮುಗಿಸಿ, ತಲೆ ಬೋಳಿಸಿಕೊಂಡು ಇಬ್ಬರೂ ಮುಳುಗಿ ಎದ್ದು ಏರಿಯ ಮೇಲೆ ಕೂತಿದ್ದೆವು. ಉಳಿದವರು ಮುಂದೆ ಹೋಗಿದ್ದರು. ಇನ್ನು ಅವ್ವನಿಗೆ ನೋವಾಗುವಂತಿಲ್ಲ ಎಂಬ ಧೈರ್ಯದಲ್ಲಿ ನಾನು ಬಾಯಿ ಬಿಟ್ಟೆ. ಕುಂಕುಮ, ಪಾಯಿಂಟು, ನಾನು ಹೇಳಿದ ಸುಳ್ಳು, ಎಲ್ಲವನ್ನೂ ಹೇಳಿದೆ. ಅವನು ಒಂದೇಟು ಹೊಡೆದಿದ್ದರೆ ನನಗೆ ಹಗುರವಾಗುತ್ತಿತ್ತು.

"ಗೊತ್ತು" ಎಂದ.

"ಯಾವಾಗಿಂದ?"

"ಅದೇ ವಾರದಿಂದ. ಸಾಬರು ನಮ್ಮನೇಗೇ ಬಂದು ಹೇಳಿದ್ರು. ಅವ್ವನಿಗೆ ಹೇಳಲ್ಲ ಅಂತ ಅಷ್ಟೇ ಮಾತು ಕೊಟ್ಟಿದ್ದು, ನಿಮಗೆ ಗೊತ್ತಿರ್ಲಿ ಅಂದ್ರು."

"ಮತ್ತೆ ಯಾಕೆ ಸುಮ್ನಿದ್ದೆ?"

ಅವನು ಒದ್ದೆ ಪಂಚೆಯನ್ನು ಹಿಂಡುತ್ತ ಹೇಳಿದ: "ಏನಂತ ಹೇಳ್ಲೋ? ನಿನ್ ಕೈಯಿಂದ್ಲೇ ಕೆಟ್ಟಿದ್ದು ಅಂತ ಅವ್ವನಿಗೆ ಹೇಳ್ಲಾ? ನಾನಲ್ಲ ಅಂದಿದ್ರೆ ಮತ್ತೆ ಯಾರು ಅಂತ ಕೇಳ್ತಿದ್ಲು. ಬೈಕೊಳ್ಳೋಕೆ ಒಬ್ಬ ಮಗ ಆದ್ರೂ ಇರ್ಲಿ ಅಂತ ಸುಮ್ನಾದೆ." ಪಂಚೆ ಒದರಿ ಹೆಗಲಿಗೆ ಹಾಕಿಕೊಂಡ. "ನಿನಗೋಸ್ಕರ ಅಂತ ತಿಳ್ಕೋಬೇಡ. ನಿನ್ನನ್ನ ನಾನು ಕ್ಷಮಿಸಿಲ್ಲ, ಕ್ಷಮಿಸೋದೂ ಇಲ್ಲ. ಅವ್ವ ಹೋದ್ಲು. ಈಗ ಊರಿಗೆ ನೀನೇ ಹೇಳು."

ಹೇಳ್ತೀನಿ ಎಂದೆ. ಅವನು ತಿರುಗಿ ನೋಡದೆ ಏರಿ ಇಳಿದು ಹೋದ.

ಆ ಹೊತ್ತು ಮನೆಯಲ್ಲಿ ಊರೆಲ್ಲ ಊಟಕ್ಕೆ ಕೂತಿತ್ತು. ಎಲೆಯ ಮುಂದೆ ಕೂತವರು ನನ್ನನ್ನು ಕಂಡು, ತಾಯಿಯನ್ನು ನೋಡಿಕೊಂಡರೆ ನಿನ್ನ ಹಾಗೆ ನೋಡಿಕೊಳ್ಳಬೇಕಪ್ಪಾ ಎಂದರು. ನಾನು ಸಾರಿನ ಪಾತ್ರೆ ಹಿಡಿದು ಸಾಲಿನಲ್ಲಿ ಬಡಿಸುತ್ತ ಹೋದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಅಣ್ಣ ಅದಾದ ಮೇಲೆ ಇಪ್ಪತ್ತು ವರ್ಷ ಬದುಕಿದ್ದ. ಎಂದೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವನ ಹೆಣ ಹೊತ್ತವರೂ ದಾರಿಯಲ್ಲಿ, ಪಾಪಿ, ಹೆತ್ತವ್ವನಿಗೆ ಅವಳ ಅಕ್ಕನ ಮುಖ ತೋರಿಸಲಿಲ್ಲ ಎಂದು ಮಾತಾಡಿಕೊಂಡರು. ಹಿಂದಿನ ಎಡಗಡೆಯ ಹೆಗಲು ನನ್ನದಾಗಿತ್ತು.